ಕಪ್ಪೆಯ ಅಂಡಕೋಶದಲ್ಲಿ ಸ್ಪ್ಲೈಸಿಂಗ್ ಎಲ್ಲಿ ನಡೆಯುತ್ತದೆ?

ಪ್ರಶ್ನೆ: ಝೆನೋಪಸ್ ಕಪ್ಪೆಯ ಅಂಡಕೋಶದ (ಮೊಟ್ಟೆಯಾಗಲಿರುವ ಕೋಶದ) ಕೋಶಕೇಂದ್ರದಲ್ಲಿ ಸಾವಿರಾರು ದುಂಡು ಕಣಗಳು ಕಾಣುತ್ತವೆ. ಆರ್‌ಎನ್‌ಎ ಸ್ಪ್ಲೈಸಿಂಗ್ ನಡೆಯುವುದು ಇವುಗಳಲ್ಲೇ? ನಮ್ಮ ಸ್ಲೈಡಿನಲ್ಲಿ ಮಾತ್ರ ಎಲ್ಲವೂ ಮುದ್ದೆಯಾಗಿ ಕೂರುತ್ತದೆ, ಏಕೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕಣಗಳಲ್ಲಲ್ಲ. ಸ್ಪ್ಲೈಸಿಂಗ್, ಅಂದರೆ ಆರ್‌ಎನ್‌ಎಯಲ್ಲಿನ ಬೇಡದ ತುಣುಕುಗಳಾದ ಇಂಟ್ರಾನ್‌ಗಳನ್ನು ಕತ್ತರಿಸಿ ಉಳಿದದ್ದನ್ನು ಜೋಡಿಸುವ ಕೆಲಸ ಮುಖ್ಯವಾಗಿ ನಡೆಯುವುದು ಲ್ಯಾಂಪ್‌ಬ್ರಷ್ ವರ್ಣತಂತುಗಳಿಂದ (ಅಂಡಕೋಶದ ದೊಡ್ಡ ವರ್ಣತಂತುಗಳು) ಬದಿಗೆ ಚಾಚಿದ ಕುಣಿಕೆಗಳ ಮೇಲೆ, ಆರ್‌ಎನ್‌ಎ ಇನ್ನೂ ಹುಟ್ಟುತ್ತಿರುವಾಗಲೇ. ನೀವು ಕಂಡ ಕಣಗಳಲ್ಲಿ ಹೆಚ್ಚಿನವು ಕೋಶವಿಜ್ಞಾನಿ ಜೋಸೆಫ್ ಗಾಲ್ ಅವರು 'ಬಿ ಸ್ನರ್ಪೋಸೋಮ್' ಎಂದು ಹೆಸರಿಟ್ಟವು. ಒಂದರಿಂದ ನಾಲ್ಕು ಮೈಕ್ರಾನ್ ಗಾತ್ರದ ಇವುಗಳಲ್ಲಿ ಯು1, ಯು2, ಯು4, ಯು5, ಯು6 ಸ್ನರ್ಪ್‌ಗಳೂ (ಸ್ಪ್ಲೈಸಿಂಗ್ ನಡೆಸುವ ಪುಟ್ಟ ಆರ್‌ಎನ್‌ಎ-ಪ್ರೋಟೀನ್ ಜೋಡಣೆಗಳು), ಸ್ಪ್ಲೈಸಿಂಗ್‌ಗೆ ನೆರವಾಗುವ ಎಸ್‌ಸಿ35 ಪ್ರೋಟೀನೂ ತುಂಬಿರುತ್ತವೆ. ಉಗ್ರಾಣ ಎಂದುಕೊಂಡರೆ ಸರಿ. ಅಡುಗೆಯ ಒಲೆ ಮಾತ್ರ ಕುಣಿಕೆಯ ಮೇಲಿದೆ. ಅದೇ ಕೋಶಕೇಂದ್ರದಲ್ಲಿರುವ, ಹತ್ತು ಮೈಕ್ರಾನ್‌ವರೆಗೂ ಬೆಳೆಯುವ ಕಜಾಲ್ ಕಾಯಗಳೆಂಬ ದುಂಡು ರಚನೆಗಳೇ ಬೇರೆ. ಅವುಗಳ ಗುರುತು ಕಾಯಿಲಿನ್ ಪ್ರೋಟೀನ್. ಹಿಸ್ಟೋನ್ ಆರ್‌ಎನ್‌ಎಯ ತುದಿ ಕತ್ತರಿಸುವ ಯು7 ಸ್ನರ್ಪ್ ಇರುವುದೂ ಅಲ್ಲೇ. ಸ್ನರ್ಪ್‌ಗಳ ಪ್ರೋಟೀನಿಗೆ ಅಂಟುವ ವೈ12 ಪ್ರತಿಕಾಯ ಕಣ, ಕುಣಿಕೆ, ಕಜಾಲ್ ಕಾಯ ಮೂರನ್ನೂ ಬೆಳಗಿಸುತ್ತದೆ. ಅದೊಂದನ್ನೇ ನಂಬಿದರೆ ಕಜಾಲ್ ಕಾಯ ಯಾವುದು, ಕಣ ಯಾವುದು ಎಂಬುದು ತಿಳಿಯದು. ಕಾಯಿಲಿನ್ ಪ್ರತಿಕಾಯವನ್ನೂ ಜೊತೆಗೆ ಹಾಕಿ.

ಇನ್ನು ಮುದ್ದೆಯ ವಿಷಯ. 1.2 ಮಿ.ಮೀ. ದಾಟಿದ ಬಲಿತ ಅಂಡಕೋಶದಲ್ಲಿ ಕುಣಿಕೆಗಳು ಒಳಸರಿದಿರುತ್ತವೆ, 0.8ರಿಂದ 1 ಮಿ.ಮೀ. ಗಾತ್ರದ್ದನ್ನು ಆರಿಸಿ. 83 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, 17 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ ಇರುವ ದ್ರಾವಣದಲ್ಲಿ, ಅದರ ಕಪ್ಪು ಅರ್ಧದಲ್ಲಿ ಚಿಮುಟದಿಂದ ತೂತು ಮಾಡಿ ಮೆಲ್ಲಗೆ ಒತ್ತಿದರೆ ಕೋಶಕೇಂದ್ರ ಹೊರಬರುತ್ತದೆ. ಅಂಟಿದ ಹಳದಿ ಲೋಳೆಯನ್ನು ಪಿಪೆಟ್‌ನಿಂದ ತೊಳೆದು, ಕೂಡಲೇ ಅದೇ ದ್ರಾವಣದ ನಾಲ್ಕನೇ ಒಂದು ಸಾಂದ್ರತೆಗೆ ಸಾಗಿಸಿ ಪೊರೆ ಸುಲಿಯಿರಿ. ಈ ತೆಳು ದ್ರಾವಣದಲ್ಲಿ 0.1% ಪ್ಯಾರಾಫಾರ್ಮಾಲ್ಡಿಹೈಡ್ ಇರಲಿ. ಮೊದಲ ದ್ರಾವಣದಲ್ಲಿ ಕೆಲವು ನಿಮಿಷ ಬಿಟ್ಟರೂ ಒಳಗಿನ ಆಕ್ಟಿನ್ (ಎಳೆಗಳಾಗಿ ಹೆಣೆದುಕೊಳ್ಳುವ ಪ್ರೋಟೀನ್) ಹೆಪ್ಪುಗಟ್ಟಿ ಜೆಲ್ಲಿಯಾಗುತ್ತದೆ, ಆಮೇಲೆ ಏನೂ ಹರಡುವುದಿಲ್ಲ. ನಿಮ್ಮ ಮುದ್ದೆಗೆ ಬಹುಶಃ ಇದೇ ಕಾರಣ. ಪೊರೆ ಸುಲಿದದ್ದನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುವಾಗ ವೇಗವನ್ನು ನಿಧಾನವಾಗಿ ಏರಿಸಿ, ಇಲ್ಲವಾದರೆ ಕುಣಿಕೆಗಳು ಹರಿದುಹೋಗುತ್ತವೆ.

ಅದೇ ಆಕ್ಟಿನ್ ಜೀವಂತ ಅಂಡಕೋಶಕ್ಕೆ ಬೇಕೇಬೇಕು. ಸುಮಾರು 400 ಮೈಕ್ರಾನ್ ಅಗಲದ ಈ ಕೋಶಕೇಂದ್ರದಲ್ಲಿ ನ್ಯೂಕ್ಲಿಯೋಲಸ್‌ (ರೈಬೋಸೋಮ್ ತಯಾರಾಗುವ ಜಾಗ) ಮುಂತಾದ ಭಾರವಾದ ಹನಿಗಳು ತಳಕ್ಕಿಳಿಯದಂತೆ ಹಿಡಿದಿರುವ ಬಲೆ ಅದು. 2013ರಲ್ಲಿ ವಿಜ್ಞಾನಿಗಳಾದ ಫೆರಿಕ್ ಮತ್ತು ಬ್ರಾಂಗ್‌ವಿನ್ ಆಕ್ಟಿನ್ ಬಲೆಯನ್ನು ಕೆಡಿಸಿ ನೋಡಿದಾಗ ನ್ಯೂಕ್ಲಿಯೋಲಸ್‌ಗಳು ಕೆಳಗೆ ಕುಸಿದು ಒಂದರೊಳಗೊಂದು ಬೆರೆತವು. ಹಾಗಾಗಿ ಇಂಥ ಹನಿಗಳ ಸಹಜ ಜಾಗ ತಿಳಿಯಬೇಕಿದ್ದರೆ ಸ್ಲೈಡಿನ ಹರಡುವಿಕೆಯನ್ನು ನಂಬಬೇಡಿ. ಕೋಶಕೇಂದ್ರವನ್ನು ಖನಿಜ ಎಣ್ಣೆಯಡಿ ತೆಗೆದು ಇಡಿಯಾಗಿ ನೋಡಿ. ನೀರಿನ ದ್ರಾವಣದಲ್ಲಿ ಹೊರಕ್ಕೆ ಸೋರಿಹೋಗುವ ಒಳಗಿನ ಕರಗುವ ಪ್ರೋಟೀನ್‌ಗಳನ್ನು ಎಣ್ಣೆ ಸೋರಗೊಡುವುದಿಲ್ಲ.