ಒಂಬತ್ತು ಕಾಲ್ಬೆರಳಿನ ಶೀಲಾ

"ಹಗಲು ಹೊತ್ತಿನ ಸೀರಿಯಲ್‌ಗಳಲ್ಲಿ ನೀವು ನೋಡಿದ ಅತಿ ಭಯಂಕರ ಖಳನಾಯಕಿ ಯಾರು, ಯಾಕೆ?" ಅಂತ ಕೇಳಿದ್ದೀರಿ. ನಾನು ಯೋಚಿಸುವುದೇ ಬೇಡ. ಶೀಲಾ ಕಾರ್ಟರ್.

ಹೆಸರು ಕೇಳಿ ನಮ್ಮ ಕಡೆಯವಳು ಅಂದುಕೊಳ್ಳಬೇಡಿ. ಅಮೆರಿಕದವಳು. 1990ರಲ್ಲಿ 'ದಿ ಯಂಗ್ ಅಂಡ್ ದಿ ರೆಸ್ಟ್‌ಲೆಸ್'ನಲ್ಲಿ ನರ್ಸ್ ಆಗಿ ಕಾಣಿಸಿಕೊಂಡಳು. 1992ರಲ್ಲಿ 'ದಿ ಬೋಲ್ಡ್ ಅಂಡ್ ದಿ ಬ್ಯೂಟಿಫುಲ್'ಗೆ ಹಾರಿದಳು. ಎರಡೂ ವಿಲಿಯಂ ಬೆಲ್ ಮತ್ತು ಲೀ ಫಿಲಿಪ್ ಬೆಲ್ ದಂಪತಿ ಹುಟ್ಟುಹಾಕಿದ ಸೀರಿಯಲ್‌ಗಳು, ಎರಡೂ ಸಿಬಿಎಸ್ ಚಾನೆಲ್‌ನವು. ಪಾತ್ರ ಮಾಡಿದವರು ಕಿಂಬರ್ಲಿನ್ ಬ್ರೌನ್. (ಇವರು 2018ರಲ್ಲಿ ಕ್ಯಾಲಿಫೋರ್ನಿಯಾದಿಂದ ಅಮೆರಿಕದ ಸಂಸತ್ತಿಗೂ ನಿಂತು ಸೋತರು. ಶೀಲಾಳನ್ನು ನೋಡಿದ ಮೇಲೆ ಓಟು ಹಾಕುವುದು ಕಷ್ಟವೇ ಬಿಡಿ.)

ನಾನು ಅವಳನ್ನು ಮೊದಲು ನೋಡಿದ್ದು ಬೆಂಗಳೂರಿನ ರಾಜಾಜಿನಗರದಲ್ಲಿ, ಕೇಬಲ್ ಬಂದ ಹೊಸತರಲ್ಲಿ. ಆಗ ಸ್ಟಾರ್ ಪ್ಲಸ್‌ನಲ್ಲಿ ಪೂರ್ತಿ ಇಂಗ್ಲಿಷ್ ಕಾರ್ಯಕ್ರಮಗಳೇ. ಅಪ್ಪ ಮನೆಯಲ್ಲಿದ್ದರೆ 'ಬೋಲ್ಡ್ ಅಂಡ್ ಬ್ಯೂಟಿಫುಲ್' ಹಾಕುವ ಹಾಗಿರಲಿಲ್ಲ. ಯಾವ ಗಳಿಗೆಯಲ್ಲಿ ಯಾರು ಯಾರಿಗೆ ಮುತ್ತು ಕೊಡುತ್ತಾರೋ ಹೇಳುವುದಕ್ಕೆ ಆಗುತ್ತಿರಲಿಲ್ಲ. ಅಪ್ಪ ಇಲ್ಲದಾಗ ನಾನು, ಅಮ್ಮ, ಅಜ್ಜಿ ಮೂವರೂ ಟಿವಿ ಮುಂದೆ ಹಾಜರ್.

ಅಜ್ಜಿಗೆ ಒಂದಕ್ಷರ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ನಮ್ಮೆಲ್ಲರಿಗಿಂತ ಮೊದಲು ಕಥೆ ಹಿಡಿದವರು ಅವರೇ. ಅದು ಅವರೆಕಾಯಿ ಕಾಲ. ನೆಲದ ಮೇಲೆ ಕಾಲು ಚಾಚಿ ಕೂತು, ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದರು. ಪರದೆಯ ಮೇಲೆ ಶೀಲಾ ಯಾರನ್ನೋ ಅಪ್ಪಿಕೊಂಡು ಸಮಾಧಾನ ಮಾಡುತ್ತಿದ್ದಳು. ಅವರ ಭುಜದ ಮೇಲಿಂದ ಅವಳ ಮುಖ ಮಾತ್ರ ನಮಗೆ ಕಾಣುತ್ತಿತ್ತು. ತುಟಿಯ ನಗು ಮೆಲ್ಲಗೆ ಇಳಿಯಿತು, ಕಣ್ಣು ಹಾಗೇ ನಿಂತಿತು, ಸಂಗೀತ ಏರಿತು. ಅಜ್ಜಿಯ ಬೆರಳ ಸಂದಿಯಿಂದ ಒಂದು ಬೇಳೆ ಚಿಟ್ಟನೆ ಹಾರಿ ಟಿವಿ ಸ್ಟ್ಯಾಂಡಿನ ಕೆಳಗೆ ಹೋಯಿತು. "ಇವಳು ಪೂತನಿ ಕಣೇ" ಅಂದರು ಅಜ್ಜಿ. "ಅಕ್ಕರೆಯಿಂದ ಎತ್ಕೊಳ್ಳೋ ಹಾಗೆ ಬಂದು ಮಗೂನೇ ಮುಗಿಸ್ತಾಳೆ."

ಅಜ್ಜಿಗೆ ಗೊತ್ತಿಲ್ಲದೇ ಇದ್ದದ್ದು ಏನೆಂದರೆ, ಶೀಲಾಳ ಹಿಂದಿನ ಸೀರಿಯಲ್‌ನ ಕಥೆ ಹೆಚ್ಚುಕಮ್ಮಿ ಅದೇ. ನನಗೂ ಅದು ತಿಳಿದದ್ದು ಎಷ್ಟೋ ವರ್ಷ ಆದಮೇಲೆ.

ಆ ಕಥೆ ಹೀಗೆ. ಸ್ಕಾಟ್ ಗ್ರೇಂಜರ್ ಅನ್ನುವ ಡಾಕ್ಟರ್. ಅವನ ಹೆಂಡತಿ ಲಾರೆನ್. ಶೀಲಾಗೆ ಸ್ಕಾಟ್ ಮೇಲೆ ಹುಚ್ಚು. ಅವನಿಗೆ ಮತ್ತು ಬರಿಸಿ, ಅವನಿಂದಲೇ ಬಸುರಾಗಿ, ಅವನನ್ನು ಲಾರೆನ್‌ಳಿಂದ ಬಿಡಿಸಿ ಮದುವೆಯಾದಳು. ಅಷ್ಟರಲ್ಲಿ ಲಾರೆನ್ ಕೂಡ ಬಸುರಿ. ಅದು ಸ್ಕಾಟ್‌ಗೆ ಗೊತ್ತಿಲ್ಲ. ಶೀಲಾಗೆ ಗರ್ಭಪಾತವಾಯಿತು. ಅದನ್ನು ಯಾರಿಗೂ ಹೇಳಲಿಲ್ಲ. ಕಳ್ಳಸಂತೆಯಲ್ಲಿ ಒಂದು ಮಗು ಕೊಂಡು, ಲಾರೆನ್ ಹೆತ್ತ ಕೂಸನ್ನು ಕದ್ದು, ಅದರ ಜಾಗದಲ್ಲಿ ಇದನ್ನು ಮಲಗಿಸಿದಳು. ಪಾಪ, ಲಾರೆನ್ ಆ ಮಗುವನ್ನೇ ತನ್ನದು ಅಂತ ಸಾಕಿದಳು. ಅದು ಮೆದುಳು ಜ್ವರ ಬಂದು ಸತ್ತಿತು. ಅವಳು ಅಳುವಾಗ ಅವಳ ಹೆತ್ತ ಮಗ ಶೀಲಾಳ ತೊಟ್ಟಿಲಲ್ಲಿ ಆರಾಮಾಗಿ ಮಲಗಿದ್ದ. ಇದನ್ನು ಕಂಡುಹಿಡಿದವಳು ಶೀಲಾಳ ಸ್ವಂತ ತಾಯಿ. ಆದರೆ ಆಕೆಗೆ ಲಕ್ವ ಹೊಡೆದು ಮಾತೇ ನಿಂತುಹೋಯಿತು. ಗುಟ್ಟು ಗೊತ್ತಿದೆ, ಬಾಯಿ ಇಲ್ಲ. ದಿನಕ್ಕೊಂದು ಕಂತು ಓಡುವ ಸೀರಿಯಲ್‌ನಲ್ಲಿ ಆ ಮುದುಕಿಯ ಕಣ್ಣನ್ನು ತಿಂಗಳುಗಟ್ಟಲೆ ನೋಡುವುದು ಎಂಥಾ ಹಿಂಸೆ ಯೋಚನೆ ಮಾಡಿ. ಕೊನೆಗೆ ಲಾರೆನ್‌ಳನ್ನೂ ತಾಯಿಯನ್ನೂ ಒಂದು ತೋಟದ ಮನೆಯಲ್ಲಿ ಕೂಡಿಹಾಕಿದಳು. ಮನೆಗೆ ಬೆಂಕಿ ಬಿತ್ತು. ಅವರಿಬ್ಬರೂ ಉಳಿದರು. ಶೀಲಾ ಸತ್ತಳು ಅಂತ ಎಲ್ಲರೂ ನಂಬಿದರು.

ಅವಳು ಲಾಸ್ ಏಂಜಲೀಸ್‌ನಲ್ಲಿ ಫಾರೆಸ್ಟರ್ ಕುಟುಂಬದ ಫ್ಯಾಷನ್ ಕಂಪನಿಯಲ್ಲಿ ಮತ್ತೆ ನರ್ಸ್ ಕೆಲಸಕ್ಕೆ ಸೇರಿಕೊಂಡಿದ್ದಳು. ಆಮೇಲೆ ಯಜಮಾನ ಎರಿಕ್‌ನನ್ನೇ ಮದುವೆಯಾದಳು. ನಾವು ಸ್ಟಾರ್ ಪ್ಲಸ್‌ನಲ್ಲಿ ಅವಳನ್ನು ಕಂಡದ್ದು ಇಲ್ಲಿಂದ.

ಈಗ ನಿಮ್ಮ 'ಯಾಕೆ'ಗೆ ಬರುತ್ತೇನೆ. ನಮ್ಮ ಕನ್ನಡ ಸೀರಿಯಲ್‌ಗಳ ಕೆಟ್ಟ ಹೆಂಗಸು ಸಾಮಾನ್ಯವಾಗಿ ಮನೆಯ ಒಳಗಿನವಳು. ಅತ್ತೆ, ಅತ್ತಿಗೆ, ವಾರಗಿತ್ತಿ. 'ಅಗ್ನಿಸಾಕ್ಷಿ'ಯ ಚಂದ್ರಿಕಾ ನೆನಪಿದ್ದಾಳಲ್ವಾ? ಆಸ್ತಿ, ಅಧಿಕಾರ, ಬೀಗದ ಕೈ, ಇವು ಕೈತಪ್ಪಬಾರದು ಅನ್ನುವುದೇ ಇಂಥವರ ಗೋಳು. ಶೀಲಾ ಹಾಗಲ್ಲ. ಅವಳು ಹೊರಗಿನವಳು. ಹಣವಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಅವಳಿಗೆ ಬೇಕಾಗಿದ್ದು ಒಂದು ಗಂಡ, ಒಂದು ಮಗು, ಊಟದ ಮೇಜಿನಲ್ಲಿ ತನಗೂ ಒಂದು ಕುರ್ಚಿ. ನಾವೆಲ್ಲ ಆಸೆಪಡುವುದು ಅದನ್ನೇ. ಬೇರೆಯವರ ಮನೆಯ ಕಿಟಕಿಯಲ್ಲಿ ಅದನ್ನು ನೋಡುತ್ತಾಳೆ, ನೋಡಿದ್ದನ್ನು ಎತ್ತಿಕೊಳ್ಳುತ್ತಾಳೆ.

ಇನ್ನೊಂದು, ಅವಳ ಕೈಗುಣ. ನರ್ಸಿನ ಕೈ. ಆರೈಕೆಗೆ ಚಾಚಿದ ಕೈಯನ್ನು ಯಾರು ಅನುಮಾನಿಸುತ್ತಾರೆ ಹೇಳಿ? ಎರಿಕ್‌ನ ಮೊದಲ ಹೆಂಡತಿ ಸ್ಟೆಫನಿಗೆ ಗೊತ್ತಾಗದ ಹಾಗೆ ಸ್ವಲ್ಪ ಸ್ವಲ್ಪವೇ ಪಾದರಸ ಉಣಿಸಿದಳು. ಆಕೆಗೆ ತಲೆ ಸರಿಯಿಲ್ಲ ಅಂತ ಮನೆಯವರೇ ಅಂದುಕೊಳ್ಳಬೇಕು, ಹಾಗೆ. ನನ್ನ ಮಟ್ಟಿಗೆ ಅವಳ ಎಲ್ಲ ಗುಂಡೇಟಿಗಿಂತ ಈ ಪಾದರಸವೇ ಘೋರ. ಗುಂಡು ಹಾರಿಸುವುದು ಯಾರಿಗೆ ಬೇಕಾದರೂ ಬರುತ್ತದೆ. 2002ರಲ್ಲಿ ಅವಳು ಎರಿಕ್‌ನ ಸೊಸೆ ಟೇಲರ್‌ಳನ್ನು ಗುಂಡಿಟ್ಟು ಕೊಂದಳು, 2005ರಲ್ಲಿ ಟೇಲರ್ ಎದ್ದು ಬಂದಳು. ಏನು ಪ್ರಯೋಜನ?

ಎಲ್ಲವೂ ಚೆನ್ನಾಗಿದೆ ಅಂತ ಹೇಳುತ್ತಿಲ್ಲ. ಒಮ್ಮೆ ಶೀಲಾ ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡು ಫಿಲಿಸ್ ಅನ್ನುವ ಇನ್ನೊಬ್ಬಳ ಮುಖ ಹಾಕಿಕೊಂಡು ಬಂದಳು. ಅಂದರೆ ಫಿಲಿಸ್ ಪಾತ್ರ ಮಾಡುತ್ತಿದ್ದ ಮಿಶೆಲ್ ಸ್ಟ್ಯಾಫರ್ಡ್ ಅವರೇ ಶೀಲಾ ಕೂಡ. 2007ರಲ್ಲಿ ಲಾರೆನ್ ಅವಳನ್ನು ಗುಂಡಿಟ್ಟು ಕೊಂದಳು. ನನಗೆ ಸುಮ್ನೆ ರೇಗಿಹೋಯಿತು. ಆ ಇಳಿಯುವ ನಗು ಇಲ್ಲದೆ ಎಂಥಾ ಶೀಲಾ? 2017ರಲ್ಲಿ ಕಿಂಬರ್ಲಿನ್ ಬ್ರೌನ್ ಮತ್ತೆ ಬಂದರು, ಹಳೇ ಮುಖದಲ್ಲೇ. ಸತ್ತವಳು ಹೇಗೆ ಬಂದಳು ಅಂತ ಹೆಚ್ಚು ಕೆದಕಬಾರದು. ವಾರಕ್ಕೆ ಐದು ಕಂತಿನಂತೆ ವರ್ಷಕ್ಕೆ ಸುಮಾರು 250 ಕಂತು ತುಂಬಿಸಬೇಕಾದವರಿಗೆ ಇಂಥ ಹೆಂಗಸು ಅನ್ನದ ತಟ್ಟೆ. ಅವಳನ್ನು ಪೂರ್ತಿ ಸಾಯಿಸಿದರೆ ನಾಳೆ ಬೆಳಿಗ್ಗೆ ಬರೆಯುವುದು ಏನನ್ನು?

ಈಗ ನಾನಿರುವುದು ನ್ಯೂಜೆರ್ಸಿಯಲ್ಲಿ. ಮನೆಯಿಂದಲೇ ಕೆಲಸ. ಇಲ್ಲಿ 'ಬೋಲ್ಡ್ ಅಂಡ್ ಬ್ಯೂಟಿಫುಲ್' ಮಧ್ಯಾಹ್ನ ಒಂದೂವರೆಗೆ. ಸಾರನ್ನ ಬಿಸಿ ಮಾಡಿಕೊಂಡು ಕೂರುತ್ತೇನೆ. 2021ರಲ್ಲಿ ಫಿನ್ ಅನ್ನುವ ಹುಡುಗನ ಮದುವೆ ಮನೆಗೆ ಬಂದು 'ನಾನೇ ನಿನ್ನ ಹೆತ್ತ ತಾಯಿ' ಅಂದಳು ಶೀಲಾ. ಮರುವರ್ಷ ಅವನ ಹೆಂಡತಿಗೆ ಗುರಿಯಿಟ್ಟಾಗ ಅಡ್ಡ ಬಂದವನು ಅದೇ ಮಗ. ಗುಂಡು ಅವನಿಗೆ ಬಿತ್ತು. ಆಗ ಅವಳ ಮುಖ ನೋಡಬೇಕಿತ್ತು ನೀವು. ಮಗನ ಮೇಲಿನ ಪ್ರೀತಿ ನಾಟಕ ಅಲ್ಲ. ಅದೇ ನೋಡಿ ಕಷ್ಟ, ಇಷ್ಟೆಲ್ಲ ಆದರೂ ಒಂದು ಕ್ಷಣ ಅವಳ ಪರ ಕರುಳು ಚುರುಕ್ ಅಂದುಬಿಡುತ್ತದೆ. ಅವನು ಬದುಕಿದ, ಇವಳು ಜೈಲಿಂದ ತಪ್ಪಿಸಿಕೊಂಡಳು. ಕರಡಿ ತಿಂದುಹಾಕಿತು ಅಂತ ಪೊಲೀಸರು ನಂಬಲಿ ಎಂದು ತನ್ನ ಕಾಲ್ಬೆರಳನ್ನು ತಾನೇ ಕತ್ತರಿಸಿ ಬಿಟ್ಟುಹೋದಳು. ಅಂದಿನಿಂದ ಅವಳಿಗೆ ಒಂಬತ್ತೇ ಬೆರಳು.

2024ರಲ್ಲಿ ಮತ್ತೆ ಸತ್ತಳು, ಈ ಸಲ ಸೊಸೆ ಸ್ಟೆಫಿಯ ಚಾಕುವಿಗೆ. ಆದರೆ ಅವಳನ್ನು ಪ್ರೀತಿಸುತ್ತಿದ್ದ ಡೀಕನ್, ಸುಡುವ ಮುಂಚೆ ಹೆಣದ ಕಾಲು ನೋಡಿಬಿಟ್ಟ. ಹತ್ತು ಬೆರಳು! ಸತ್ತವಳು ಶೀಲಾಳ ಮುಖ ಮಾಡಿಸಿಕೊಂಡಿದ್ದ ಇನ್ನೊಬ್ಬಳು. ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಆ ವರ್ಷ ಬೇಸಿಗೆ ಕಳೆದ ಮೇಲೆ ಒಂದು ರಾತ್ರಿ ಅಮ್ಮನಿಗೆ ಫೋನ್‌ನಲ್ಲಿ ಈ ಕಥೆಯೆಲ್ಲ ಹೇಳಿದೆ. ಅಲ್ಲಿ ಬೆಳಗಿನ ಕಾಫಿ ಹೊತ್ತು. ಅಮ್ಮ ನಗುತ್ತಾ, "ನಿಮ್ಮಜ್ಜಿ ಇದ್ದಿದ್ರೆ ಮೊದಲೇ ಹೇಳ್ತಿದ್ರು. ದೆವ್ವ ಹೌದೋ ಅಲ್ವೋ ಅಂತ ತಿಳೀಬೇಕಾದ್ರೆ ಕಾಲು ನೋಡಬೇಕು ಅಂತಿದ್ರಲ್ಲ" ಅಂದಳು. ಆಮೇಲೆ, "ಅಲ್ಲ ಕಣೇ, ಈಗೆಲ್ಲಿದ್ದಾಳೆ ಅವಳು?"

"ಡೀಕನ್‌ನ ಮದುವೆಯಾದಳಮ್ಮ."

"ಅಯ್ಯೋ, ಒಳ್ಳೇ ಹುಡುಗನಾ ಅವನು?"