ಬಾಗಿಲ ಹತ್ತಿರ ಬರುವ ಮಾತು

ಪ್ರಶ್ನೆ: ನನಗೆ 38 ವರ್ಷ. ಏಳು ತಿಂಗಳ ಹಿಂದೆ ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ಆಮೇಲೆ ಯಾವುದರಲ್ಲೂ ಮನಸ್ಸಿಲ್ಲ. ಕೆಲಸಕ್ಕೇನೋ ಹೋಗುತ್ತೇನೆ, ಆದರೆ ಸಣ್ಣಪುಟ್ಟದ್ದಕ್ಕೂ ರೇಗುತ್ತೇನೆ. ಹೆಂಡತಿಯ ಒತ್ತಾಯಕ್ಕೆ ಒಬ್ಬ ಕೌನ್ಸೆಲರ್ ಹತ್ತಿರ ಎರಡು ಸಲ ಹೋಗಿಬಂದೆ. ಅವರು ಏನೂ ಹೇಳುವುದಿಲ್ಲ, ಬರೀ ಕೇಳುತ್ತಾರೆ. ಎರಡನೇ ಸಲ ಹೋಗಿಬಂದ ಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಸಂಕಟ ಮೊದಲಿಗಿಂತ ಜಾಸ್ತಿ ಆಯಿತು. ದುಡ್ಡು ಕೊಟ್ಟು ಅಳುವುದಕ್ಕೆ ಹೋಗಬೇಕಾ? ಮೂರನೇ ಸಲ ಹೋಗಲೋ ಬೇಡವೋ ಹೇಳಿ.

ಇನ್ನೊಂದು ವಿಷಯ. ಅಪ್ಪ ಹೋದ ದಿನ ಮಧ್ಯಾಹ್ನ ನನಗೆ ಫೋನ್ ಮಾಡಿದ್ದರು. ಮೀಟಿಂಗ್‌ನಲ್ಲಿದ್ದೆ, ಕಟ್ ಮಾಡಿದೆ. ಇದನ್ನು ಯಾರಿಗೂ ಹೇಳಿಲ್ಲ. ಹೆಂಡತಿಗೂ, ಕೌನ್ಸೆಲರಿಗೂ.

— ಹೆಸರು ಬೇಡ

ಉತ್ತರ: ನಿಮ್ಮ ಪತ್ರ ಓದುತ್ತಾ ಹೋದಾಗ, ಇದಕ್ಕೆ ಹತ್ತು ಸಾಲಿನ ಉತ್ತರ ಸಾಕು ಅಂದುಕೊಂಡಿದ್ದೆ. ಕೊನೆಯ ನಾಲ್ಕು ಸಾಲು ಬಂದವು ನೋಡಿ, ನೀವು ಪತ್ರ ಬರೆದಿದ್ದೇ ಅದನ್ನು ಹೇಳುವುದಕ್ಕೆ ಅನ್ನಿಸಿತು.

ಕೌನ್ಸೆಲಿಂಗ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಮುಕ್ಕಾಲು ಗಂಟೆ ಆಫೀಸಿನ ಕಿರಿಕಿರಿ, ತಲೆನೋವು, ನಿದ್ದೆ ಅಂತ ಮಾತಾಡಿದವರು ಸಮಯ ಮುಗಿದ ಮೇಲೆ ಎದ್ದು ನಿಲ್ಲುತ್ತಾರೆ. ಬ್ಯಾಗ್ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಬಾಗಿಲ ಹಿಡಿಯ ಮೇಲೆ ಕೈ ಇಟ್ಟು, "ಅಂದಹಾಗೆ..." ಅಂತ ಶುರು ಮಾಡುತ್ತಾರೆ. ಅಷ್ಟು ಹೊತ್ತೂ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದು ಆಗ ಬಾಯಿಗೆ ಬರುತ್ತದೆ. ಹೇಳಿದ ತಕ್ಷಣ ಹೊರಟುಬಿಡಬಹುದಲ್ಲ, ಅದಕ್ಕೆ. ನೀವು ಪತ್ರದಲ್ಲಿ ಮಾಡಿರುವುದೂ ಅದನ್ನೇ. ಇರಲಿ, ಅಂತೂ ಹೇಳಿದಿರಿ.

ಮೂರನೇ ಸಲ ಹೋಗಿ. ಆದರೆ ಹಿಂದಿನ ಎರಡು ಸಲ ಹೋದ ಹಾಗೆ ಹೋಗಬೇಡಿ.

"ಅವರು ಏನೂ ಹೇಳುವುದಿಲ್ಲ" ಅನ್ನುವ ನಿಮ್ಮ ದೂರು ತುಂಬಾ ಜನರದ್ದು. ಅವರು ಏನು ಹೇಳಬೇಕಿತ್ತು, ಯೋಚಿಸಿ. "ಧೈರ್ಯ ತಂದುಕೊಳ್ಳಿ, ಎಲ್ಲರಿಗೂ ಇದ್ದದ್ದೇ" ಅಂತಲೇ? ಆ ಮಾತನ್ನು ಏಳು ತಿಂಗಳಿಂದ ಎಷ್ಟು ಜನ ಹೇಳಿಲ್ಲ! ಒಂದಾದರೂ ಒಳಗೆ ಇಳಿಯಿತಾ? ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1940ರ ದಶಕದಲ್ಲೇ ಈ ಹಾದಿ ಬಿಟ್ಟರು. ಬಂದವರಿಗೆ ದಾರಿ ತೋರಿಸುವ ಬದಲು, ತೀರ್ಪು ಕೊಡದೆ ಕೇಳಿಸಿಕೊಂಡರೆ ಅವರೇ ತಮ್ಮ ದಾರಿ ಹುಡುಕಿಕೊಳ್ಳುತ್ತಾರೆ ಎಂದು ನಂಬಿ ಕೆಲಸ ಮಾಡಿದರು. ನಿಮ್ಮ ಕೌನ್ಸೆಲರ್ ಕೂತು ಕೇಳುವುದರ ಹಿಂದೆ ಇರುವುದು ಬಹುಶಃ ಈ ಪಾಠ. ಜೊತೆಗೆ, ನೀವು ಅವರಿಗೆ ಮುಖ್ಯ ವಿಷಯವನ್ನೇ ಹೇಳಿಲ್ಲ, ಅಲ್ವಾ? ಪಾಪ, ಅವರಾದರೂ ಏನು ಮಾಡಬೇಕು.

ಹೇಳಿದರೆ ಏನಾಗಬಹುದು? ನಾನು ಊಹಿಸಿಕೊಂಡು ಬರೆಯುತ್ತಿದ್ದೇನೆ.

"ಕಟ್ ಮಾಡಿದಾಗ ಮನಸ್ಸಿನಲ್ಲಿ ಏನಿತ್ತು?"

"ಮೀಟಿಂಗ್ ಮುಗಿಸಿ ಮಾಡೋಣ ಅಂತ."

"ಅದಕ್ಕೆ ಮೊದಲೂ ಅಪ್ಪನ ಫೋನ್ ಕಟ್ ಮಾಡಿದ್ದಿದೆಯಾ?"

"ಎಷ್ಟೋ ಸಲ."

"ಆಗೆಲ್ಲ ಅಪ್ಪ ಏನನ್ನುತ್ತಿದ್ದರು?"

"ಏನೂ ಇಲ್ಲ. ಕೆಲಸದಲ್ಲಿದ್ಯೇನೋ ಅಂತ ಕೇಳ್ತಿದ್ರು."

ಇಲ್ಲಿಗೆ ಬಂದಾಗ ಮಾತು ನಿಲ್ಲಬಹುದು. ಅಳು ಬರಬಹುದು. ಒಳ್ಳೆಯ ಕೌನ್ಸೆಲರ್ ಆಗ ಅವಸರ ಮಾಡಿ ಸಮಾಧಾನ ಹೇಳಲು ಬರುವುದಿಲ್ಲ. ನಿಮ್ಮ ತಲೆಯಲ್ಲಿ ಏಳು ತಿಂಗಳಿಂದ ಓಡುತ್ತಿರುವುದು "ನಾನು ಅಪ್ಪನ ಕೊನೆಯ ಫೋನ್ ಕಟ್ ಮಾಡಿದೆ" ಅನ್ನುವ ವಾಕ್ಯ. ಆದರೆ ಆ ಹೊತ್ತಿನಲ್ಲಿ ನೀವು ಕಟ್ ಮಾಡಿದ್ದು ಕೊನೆಯ ಫೋನ್ ಅಲ್ಲ, ಒಂದು ಫೋನ್ ಅಷ್ಟೇ. 'ಕೊನೆಯ' ಅನ್ನುವುದು ಸಂಜೆ ಸೇರಿಕೊಂಡ ಪದ. ಇದನ್ನು ನಾನು ಬರೆದರೆ ನಿಮಗೆ ಓದಿಕೊಳ್ಳಲು ಚೆನ್ನಾಗಿರುತ್ತದೆ, ರಾತ್ರಿ ಮತ್ತೆ ಅದೇ ಸಂಕಟ. ನಿಮ್ಮ ಬಾಯಿಂದಲೇ ಹೊರಟು ನಿಮ್ಮ ಕಿವಿಗೇ ಬಿದ್ದರೆ ಬೇರೆ. ಅದಕ್ಕೆ ಎದುರಿಗೆ ಒಬ್ಬರು ಕೂತಿರಬೇಕು.

ಒಂದು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಅಪ್ಪ ಅವತ್ತು ಯಾಕೆ ಫೋನ್ ಮಾಡಿದ್ದರು ಅನ್ನುವುದು ಕೌನ್ಸೆಲಿಂಗ್‌ನಿಂದ ಗೊತ್ತಾಗುವುದಿಲ್ಲ. ಎದೆನೋವು ಅಂತ ಇರಬಹುದು, ಸುಮ್ನೆ ಊಟ ಆಯ್ತಾ ಅಂತ ಕೇಳುವುದಕ್ಕೂ ಇರಬಹುದು. ಆ ಪ್ರಶ್ನೆ ಹಾಗೇ ಉಳಿಯುತ್ತದೆ. ಅದು ಉಳಿದರೂ ನಿದ್ದೆ ಬರುವ ಹಾಗೆ ಮಾಡಿಕೊಳ್ಳಲು ಆಗುತ್ತದೆ. ನೀವು ಹೋಗಬೇಕಾಗಿರುವುದು ಅಷ್ಟಕ್ಕೆ.

ಈಗ ನಿದ್ದೆಗೆಟ್ಟ ಎರಡು ರಾತ್ರಿಯ ವಿಷಯ. 1880ರ ಸುಮಾರಿಗೆ ವಿಯೆನ್ನಾದಲ್ಲಿ ಡಾಕ್ಟರ್ ಜೋಸೆಫ್ ಬ್ರಾಯರ್ ಒಬ್ಬ ಯುವತಿಗೆ ಚಿಕಿತ್ಸೆ ಕೊಡುತ್ತಿದ್ದರು. ವೈದ್ಯಕೀಯ ಬರಹಗಳಲ್ಲಿ ಆಕೆಯ ಹೆಸರು ಅನ್ನಾ ಓ. ಆಕೆಯೂ ಅಪ್ಪನ ಕಾಯಿಲೆಯಲ್ಲಿ ಹಾಸಿಗೆ ಪಕ್ಕ ಕೂತು ಸೇವೆ ಮಾಡಿದವಳು, ಆಮೇಲೆ ಅವರನ್ನು ಕಳೆದುಕೊಂಡವಳು. ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳುವುದಕ್ಕೆ ಆಕೆಯೇ 'ಮಾತಿನ ಚಿಕಿತ್ಸೆ' ಅಂತ ಹೆಸರಿಟ್ಟಳು. ತಮಾಷೆಗೆ 'ಚಿಮಣಿ ಗುಡಿಸುವುದು' ಅಂತಲೂ ಕರೆಯುತ್ತಿದ್ದಳು. ಆಕೆಗೆ ಅದರಿಂದಲೇ ಪೂರ್ತಿ ಗುಣವಾಗಲಿಲ್ಲ, ಆದರೆ ಆ ಹೆಸರು ನನಗೆ ಇಷ್ಟ. ಚಿಮಣಿ ಗುಡಿಸುವವರ ಮೈಮೇಲೇ ಮೊದಲು ಮಸಿ ಬೀಳುವುದು. ಮುಚ್ಚಿಟ್ಟದ್ದನ್ನು ತೆಗೆದಾಗ ಒಂದೆರಡು ದಿನ ಹೆಚ್ಚು ನೋಯುವುದು ಸಾಮಾನ್ಯ. ವಾರದಿಂದ ವಾರಕ್ಕೆ ಜಾಸ್ತಿಯಾಗುತ್ತಲೇ ಹೋದರೆ ಮಾತ್ರ ಅದು ಸರಿಯಲ್ಲ. ಆಗ ಅವರಿಗೆ ಹೇಳಲೇಬೇಕು. "ಕೊನೆಯ ಹತ್ತು ನಿಮಿಷ ಬೇರೆ ಏನಾದರೂ ಮಾತಾಡೋಣ, ಹೀಗೇ ಎದ್ದು ಹೋಗಲು ಆಗುತ್ತಿಲ್ಲ" ಅಂತ ಈಗಲೂ ಕೇಳಬಹುದು. ಅಲ್ಲಿಂದ ನೇರ ಆಫೀಸಿಗೆ ಓಡಬೇಡಿ. ಅರ್ಧ ಗಂಟೆ ನಡೆದುಕೊಂಡು ಹೋಗಿ.

ನಿಮ್ಮ ಪತ್ರದ ಧಾಟಿ ನೋಡಿದರೆ, ಮಾಡಲು ಏನಾದರೂ ಕೊಟ್ಟರೆ ಮಾಡುವ ಜಾತಿಯವರು ನೀವು ಅನ್ನಿಸುತ್ತದೆ. ಹಾಗಿದ್ದರೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅನ್ನುವ ವಿಧಾನದ ಬಗ್ಗೆ ಕೇಳಿ ನೋಡಿ. ಆರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ಕಟ್ಟಿದ ಚಿಕಿತ್ಸೆ ಅದರ ಬೇರು. ತಲೆಗೆ ಬಂದ ಯೋಚನೆಯನ್ನು ಬರೆದು, ಅದಕ್ಕೆ ಸಾಕ್ಷಿ ಏನು ಅಂತ ನೋಡುವುದು, ಮನೆಯಲ್ಲಿ ಅಭ್ಯಾಸ ಮಾಡುವುದು, ಹೀಗೆ ಕೈಗೆ ಕೆಲಸ ಇರುತ್ತದೆ. ಸಾಮಾನ್ಯವಾಗಿ 6ರಿಂದ 20 ಸೆಷನ್ ಆಗುತ್ತದೆ. ಯಾವ ವಿಧಾನವೇ ಇರಲಿ, "ಎಷ್ಟು ಸಲ ಬರಬೇಕು, ಏನಾದರೆ ಸುಧಾರಿಸಿದೆ ಅಂತ ತಿಳಿಯಬೇಕು" ಅಂತ ಕೇಳುವುದು ನಿಮ್ಮ ಹಕ್ಕು. ಕೇಳಿದ್ದಕ್ಕೆ ಸಿಡುಕಿದರೆ, ಉಪದೇಶಕ್ಕೆ ಇಳಿದರೆ, ಗ್ಯಾರಂಟಿ ಗುಣ ಮಾಡುತ್ತೇನೆ ಅಂದರೆ, ಬೇರೆಯವರನ್ನು ನೋಡಿಕೊಳ್ಳಿ. ಐದಾರು ಸಲ ಹೋದರೂ ಮಾತು ಕೂಡದಿದ್ದರೂ ಅಷ್ಟೇ. ಅವರ ಮೇಲೆ ನಂಬಿಕೆ ಹುಟ್ಟದೆ ಯಾವ ವಿಧಾನವೂ ನಡೆಯುವುದಿಲ್ಲ.

ಹೆಂಡತಿಗೆ ಗೊತ್ತಾಗುತ್ತದೆ ಅನ್ನುವ ಅಳುಕು ಇದ್ದರೆ, ಅಲ್ಲಿ ಆಡಿದ ಮಾತು ಅಲ್ಲೇ ಇರುತ್ತದೆ. ಯಾರದಾದರೂ ಜೀವಕ್ಕೆ ಅಪಾಯ, ಮಕ್ಕಳ ಮೇಲೆ ದೌರ್ಜನ್ಯ, ಕಾನೂನಿನ ಆದೇಶ, ಇಂಥವಕ್ಕೆ ಮಾತ್ರ ವಿನಾಯಿತಿ. ಮನೆಯಲ್ಲಿ "ಏನು ಮಾತಾಡಿದಿರಿ?" ಅಂತ ಕೇಳಿದರೆ ವರದಿ ಒಪ್ಪಿಸಬೇಕಾಗಿಲ್ಲ. "ಅಪ್ಪನ ಬಗ್ಗೆ" ಅಂದರೆ ಸಾಕು.

ನೀವು ಬರೆದಿಲ್ಲ, ಆದರೂ ನೇರವಾಗಿ ಕೇಳುತ್ತೇನೆ. ಬದುಕೇ ಬೇಡ ಅನ್ನಿಸುತ್ತದಾ? ಹೌದಾದರೆ ಮೂರನೇ ಸೆಷನ್‌ಗೆ ಕಾಯಬೇಡಿ. ಇವತ್ತೇ ಹೆಂಡತಿಗೆ ಹೇಳಿ, ಮನೋವೈದ್ಯರನ್ನು ಅಥವಾ ಹತ್ತಿರದ ಆಸ್ಪತ್ರೆಯನ್ನು ಕಾಣಿ, ಒಬ್ಬರೇ ಇರಬೇಡಿ. ಅಷ್ಟಿಲ್ಲದಿದ್ದರೂ, ಎರಡು ವಾರ ನಿದ್ದೆ, ಹಸಿವು, ಕೆಲಸ ಎಲ್ಲವೂ ಕೆಟ್ಟಿದ್ದರೆ ಮನೋವೈದ್ಯರಿಗೆ ಒಮ್ಮೆ ತೋರಿಸುವುದು ಒಳ್ಳೆಯದು. ಔಷಧಿ ಬೇಕಾದರೆ ಬರೆಯುವವರು ಅವರು. ಔಷಧಿ, ಕೌನ್ಸೆಲಿಂಗ್ ಎರಡೂ ಜೊತೆಜೊತೆಗೆ ನಡೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಜಾರಿಗೆ ತಂದ ಕಾಯಿಲೆಗಳ ಪಟ್ಟಿಯಲ್ಲಿ, ಆರು ತಿಂಗಳು ಮೀರಿಯೂ ಬದುಕನ್ನು ನಡೆಸಲು ಬಿಡದಂಥ ತೀವ್ರ ದುಃಖಕ್ಕೆ ಬೇರೆ ಹೆಸರೇ ಇದೆ. ಏಳು ತಿಂಗಳಾಯಿತು ಅಂತ ಹೆದರಿಸುತ್ತಿಲ್ಲ. ನಿಮ್ಮದು ಅದು ಹೌದೋ ಅಲ್ಲವೋ ಪತ್ರ ಓದಿ ಹೇಳುವಂಥದ್ದಲ್ಲ, ಎದುರು ಕೂತು ಕೇಳಿದವರು ಹೇಳಬೇಕು.

ಮೂರನೇ ಸಲ ಹೋದಾಗ ಕುರ್ಚಿಯಲ್ಲಿ ಕೂತ ಕೂಡಲೇ ಎರಡು ಮಾತು ಹೇಳಿ. ಒಂದು, "ನೀವು ಏನೂ ಹೇಳುವುದಿಲ್ಲ, ನನಗೆ ಸಿಟ್ಟು ಬರುತ್ತಿದೆ." ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ಇಂಥ ಮಾತಿನಿಂದಲೇ ಎಷ್ಟೋ ಸಲ ನಿಜವಾದ ಕೆಲಸ ಶುರುವಾಗುತ್ತದೆ. ಎರಡನೆಯದು ನನಗೆ ಬರೆದ ಆ ನಾಲ್ಕು ಸಾಲು. ಗಂಟಲು ಕಟ್ಟಿದರೆ ಪತ್ರದ ಆ ಭಾಗವನ್ನೇ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೈಗೆ ಕೊಡಿ.

ಅವತ್ತಿನ ಆ ಕಾಲ್ ನಿಮ್ಮ ಫೋನ್‌ನಲ್ಲಿ ಇನ್ನೂ ಹಾಗೇ ಇರಬಹುದು ಅಂತ ನನ್ನ ಊಹೆ. ಅಳಿಸಲು ಮನಸ್ಸು ಬಂದಿರುವುದಿಲ್ಲ. ಇದ್ದರೆ, ಅದನ್ನೂ ತೋರಿಸಿ.