ಬೋರ್ಡ್ ಗೇಮ್ ಆಡಿ ಹೂಡಿಕೆ ಕಲಿಯಬಹುದಾ?

ನೀವು ಕೇಳಿರುವುದು ಮೂರು ಪ್ರಶ್ನೆ. ಕೆಲಸಕ್ಕೆ ಸೇರಿ ಎರಡು ವರ್ಷವಾಯ್ತು, ತಿಂಗಳ ಇಪ್ಪತ್ತನೇ ತಾರೀಖಿಗೆಲ್ಲ ಸಂಬಳ ಖಾಲಿ, ಹಣಕಾಸಿನ ಪುಸ್ತಕ ಹಿಡಿದರೆ ತಲೆಗೆ ಹತ್ತುವುದಿಲ್ಲ, ಬೋರ್ಡ್ ಗೇಮ್ ಆಡಿ ಕಲಿಯಬಹುದಾ ಅನ್ನುವುದು ಒಂದು. ಆಡುವುದಾದರೆ ಯಾವ ಆಟ ಅನ್ನುವುದು ಇನ್ನೊಂದು. ಮೈಸೂರಿನಲ್ಲಿ ಯಾರೋ ಭಾನುವಾರ 2,500 ರೂಪಾಯಿ ತೆಗೆದುಕೊಂಡು ಇಂಥ ಆಟ ಆಡಿಸುತ್ತಾರೆ, ಹೋಗಲಾ ಬೇಡವಾ ಅನ್ನುವುದು ಮೂರನೆಯದು.

ಕಲಿಯಬಹುದು. ನಾನು ಮಂಡ್ಯದ ಒಂದು ಪಿಯು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಶನಿವಾರ ಮಧ್ಯಾಹ್ನ ಕ್ಲಾಸ್ ಮುಗಿದ ಮೇಲೆ ಉಳಿಯುವ ಮಕ್ಕಳ ಜೊತೆ ಕೂತು ಆಡುವುದು ನಮ್ಮಲ್ಲಿ ರೂಢಿ. ಅಷ್ಟು ಹುಡುಗ ಹುಡುಗಿಯರನ್ನು ನೋಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಯಾವ ಷೇರು ಕೊಳ್ಳಬೇಕು, ಯಾವ ಫಂಡಿಗೆ ಹಾಕಬೇಕು ಅನ್ನುವುದನ್ನು ಯಾವ ಆಟವೂ ಹೇಳಿಕೊಡುವುದಿಲ್ಲ. ಆಸ್ತಿ ಇರುವುದೇ ಬೇರೆ, ಕೈಯಲ್ಲಿ ಕಾಸಿರುವುದೇ ಬೇರೆ ಅನ್ನುವುದನ್ನು ಮಾತ್ರ ಆಟ ಕಲಿಸುವಷ್ಟು ಚೆನ್ನಾಗಿ ನನ್ನ ಕರಿಹಲಗೆ ಕಲಿಸುವುದಿಲ್ಲ. ಬ್ಯಾಲೆನ್ಸ್ ಶೀಟ್ ಬಿಡಿಸಿ ತೋರಿಸಿದರೆ ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಮರೆಯುತ್ತಾರೆ.

ಬಿಸಿನೆಸ್ ಆಟ ನಿಮಗೆ ಗೊತ್ತೇ ಇರುತ್ತದೆ. ಮುಂಬೈ, ದೆಹಲಿ, ಚೆನ್ನೈ ಅಂತ ಊರು ಕೊಂಡು, ಮನೆ ಕಟ್ಟಿ, ಬಂದವರಿಂದ ಬಾಡಿಗೆ ವಸೂಲಿ ಮಾಡುವ ಆಟ. ಮೊನಾಪಲಿಯದೇ ನಮ್ಮ ದೇಶದ ರೂಪ. ಒಂದು ಸಲ ಸೆಕೆಂಡ್ ಪಿಯು ಹುಡುಗನೊಬ್ಬ ಕಾಲಿಟ್ಟ ಜಾಗವನ್ನೆಲ್ಲ ಕೊಳ್ಳುತ್ತಾ ಹೋದ. ಮೂರು ಬಣ್ಣದ ಊರುಗಳು ಪೂರ್ತಿ ಅವನವೇ, ಮೇಲೆ ಸಾಲು ಮನೆ. ಸುತ್ತ ಕೂತವರೆಲ್ಲ ಇವನೇ ಗೆದ್ದ ಅಂತ ತೀರ್ಮಾನ ಮಾಡಿಬಿಟ್ಟಿದ್ದರು. ಅವನ ಮುಂದೆ ಉಳಿದಿದ್ದು ನೂರರ ಎರಡು ನೋಟು. ದಾಳ ಉರುಳಿತು, ಎದುರಿನ ಹುಡುಗಿಯ ಹೋಟೆಲಿನ ಮೇಲೆ ಬಂದು ನಿಂತ, ಬಾಡಿಗೆ ಒಂಬೈನೂರು. ಮನೆ ವಾಪಸ್ ಕೊಟ್ಟರೆ ಬ್ಯಾಂಕ್ ಕೊಡುವುದು ಅರ್ಧ ಬೆಲೆ. ಜಾಗ ಅಡವಿಟ್ಟರೆ ಸಿಗುವುದೂ ಅರ್ಧವೇ, ಬಿಡಿಸಿಕೊಳ್ಳುವಾಗ ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿ ಕಟ್ಟಬೇಕು. ಆಗಷ್ಟೇ ಕಟ್ಟಿದ್ದ ಮನೆಗಳನ್ನು ಒಂದೊಂದಾಗಿ ಎತ್ತಿ ಬ್ಯಾಂಕಿನವನ ಕೈಗೆ ಕೊಡುತ್ತಾ ಆ ಹುಡುಗ, 'ಸಾರ್, ನಮ್ಮಪ್ಪನೂ ಹಿಂಗೇ. ಕಬ್ಬಿನ ದುಡ್ಡು ಬರೋಗಂಟ ಅವ್ವನ ಸರ ಅಡ ಇಟ್ಟಿದ್ರು' ಅಂದ. ಎರಡೆಕರೆ ಗದ್ದೆ ಇದೆ, ಕಬ್ಬು ನುರಿಸಿ ಆಗಿದೆ, ಬರಬೇಕಾದ ದುಡ್ಡೂ ಇದೆ. ಆದರೆ ಶಾಲೆ ಫೀಸು ಕಟ್ಟುವ ದಿನ ಜೇಬಿನಲ್ಲಿ ಕಾಸಿಲ್ಲ. ಲಿಕ್ವಿಡಿಟಿ ಅಂತ ನಾನು ಅರ್ಧ ಗಂಟೆ ವಿವರಿಸುವುದನ್ನು ಅವನು ಒಂದೇ ಮಾತಿನಲ್ಲಿ ಹೇಳಿಬಿಟ್ಟ.

ಹಾಗಾಗಿ ನಿಮ್ಮ ಮೊದಲ ಕೆಲಸ ಷೇರು ಅಲ್ಲ, ಕೈಕಾಸು. ಮೂರರಿಂದ ಆರು ತಿಂಗಳ ಖರ್ಚಿನಷ್ಟು ಹಣ, ಕೇಳಿದ ದಿನವೇ ಸಿಗುವಂತೆ, ಬ್ಯಾಂಕಿನಲ್ಲಿರಲಿ. ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇರುತ್ತದೆ, 2020ರಿಂದ ಮಿತಿ ಅಷ್ಟಿದೆ. ಆ ಹಣಕ್ಕೆ ಬಡ್ಡಿ ಕಡಿಮೆ ಬಂತು ಅಂತ ಕೊರಗಬೇಡಿ, ಅದು ಇರುವುದು ಅರ್ಧ ಬೆಲೆಗೆ ಮನೆ ಮಾರುವ ಸ್ಥಿತಿ ಬರದಿರಲಿ ಅಂತ.

ಈ ಆಟದ ಹುಟ್ಟಿನ ಕಥೆಯನ್ನೂ ನಾನು ಮಕ್ಕಳಿಗೆ ಹೇಳುತ್ತೇನೆ. ಅಮೆರಿಕದ ಎಲಿಜಬೆತ್ ಮ್ಯಾಗಿ ಎಂಬ ಹೆಂಗಸು ಲ್ಯಾಂಡ್‌ಲಾರ್ಡ್ಸ್ ಗೇಮ್ ಅಂತ ಒಂದು ಆಟ ಮಾಡಿ 1904ರಲ್ಲಿ ಪೇಟೆಂಟ್ ಪಡೆದರು. ನೆಲವೆಲ್ಲ ಕೆಲವರ ಕೈ ಸೇರಿದರೆ ಉಳಿದವರು ಹೇಗೆ ಬರಿಗೈ ಆಗುತ್ತಾರೆ ಅಂತ ತೋರಿಸುವುದು ಅವರ ಉದ್ದೇಶ. ನೆಲದ ಮೇಲೆ ಮಾತ್ರ ತೆರಿಗೆ ಹಾಕಬೇಕು ಅನ್ನುತ್ತಿದ್ದ ಹೆನ್ರಿ ಜಾರ್ಜ್ ಅವರ ವಿಚಾರವನ್ನು ಜನರಿಗೆ ಮುಟ್ಟಿಸಬೇಕಿತ್ತು. ಒಬ್ಬರೇ ಎಲ್ಲ ನುಂಗುವ ನಿಯಮದ ಜೊತೆಗೆ ಎಲ್ಲರೂ ಏಳಿಗೆಯಾಗುವ ಇನ್ನೊಂದು ನಿಯಮವನ್ನೂ ಅವರು ಇಟ್ಟಿದ್ದರು. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಮೊನಾಪಲಿಯನ್ನು ಮಾರುಕಟ್ಟೆಗೆ ಬಿಟ್ಟಾಗ ಉಳಿದಿದ್ದು ನುಂಗುವ ನಿಯಮ ಮಾತ್ರ. ಹೂಡಿಕೆ ಕಲಿಯಲು ಕೂತವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಈ ಆಟದಲ್ಲಿ ನೀವು ಗೆಲ್ಲಬೇಕಾದರೆ ಉಳಿದವರು ದಿವಾಳಿಯಾಗಲೇಬೇಕು. ನಿಜವಾದ ಹೂಡಿಕೆ ಹಾಗಲ್ಲ. ಒಂದು ಕಂಪನಿ ಹತ್ತು ವರ್ಷ ಚೆನ್ನಾಗಿ ವ್ಯಾಪಾರ ಮಾಡಿ ಬೆಳೆದರೆ ಅದರ ಷೇರು ಹಿಡಿದುಕೊಂಡ ಎಲ್ಲರಿಗೂ ಲಾಭ, ಯಾರೂ ಯಾರ ಮನೆಯನ್ನೂ ಕೆಡವಬೇಕಾಗಿಲ್ಲ.

ಇನ್ನು ಅಳಗುಳಿ ಮನೆ. ಹೂಡಿಕೆ ಅಂದರೆ ಅಳಗುಳಿ ಮನೆ ಯಾಕೆ ಅಂತ ಕೇಳಬೇಡಿ, ನನ್ನ ಮಟ್ಟಿಗೆ ಬಂಡವಾಳದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಆಟ ಸಿಕ್ಕಿಲ್ಲ. ನಮ್ಮ ಮನೆಯ ಕ್ರಮ ಹೇಳುತ್ತೇನೆ, ಊರಿಂದೂರಿಗೆ ಸ್ವಲ್ಪ ಬದಲಾಗುತ್ತದೆ. ಒಬ್ಬೊಬ್ಬರಿಗೆ ಏಳು ಗುಳಿ, ಗುಳಿಗೆ ಐದು ಹುಣಸೆ ಬೀಜ, ಒಟ್ಟು 70. ಮೊದಲ ಆಟ ಮುಗಿದಾಗ ನಿಮ್ಮ ಹತ್ತಿರ 50, ನನ್ನ ಹತ್ತಿರ 20 ಅಂತಿಟ್ಟುಕೊಳ್ಳಿ. ಎರಡನೇ ಆಟಕ್ಕೆ ನನ್ನ 20 ಬೀಜದಲ್ಲಿ ತುಂಬುವುದು ನಾಲ್ಕೇ ಗುಳಿ. ಉಳಿದ ಮೂರು ಗುಳಿ ಮುಚ್ಚಿದ ಹಾಗೆ, ಅದರಲ್ಲಿ ಆಡುವಂತಿಲ್ಲ. ನಿಮ್ಮ ಏಳೂ ಗುಳಿ ತುಂಬಿ ಇನ್ನೂ 15 ಬೀಜ ಮಡಿಲಲ್ಲಿ ಉಳಿಯುತ್ತದೆ. ನಾನು ಎಷ್ಟೇ ಜಾಣತನದಿಂದ ಆಡಿದರೂ ಲೆಕ್ಕ ಹಾಕಲು ನನಗಿರುವುದು ನಾಲ್ಕು ದಾರಿ, ನಿಮಗೆ ಏಳು. ನೀವು ಒಂದು ಆಟ ಸೋತರೂ ಆ 15 ಬೀಜ ನಿಮ್ಮನ್ನು ಕಾಯುತ್ತದೆ. ದುಡ್ಡಿದ್ದವರಿಗೇ ದುಡ್ಡು ಯಾಕೆ ಬರುತ್ತದೆ ಅನ್ನುವುದು ಹದಿನಾರು ವರ್ಷದ ಮಕ್ಕಳಿಗೆ ಇಲ್ಲಿ ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ. ಇಪ್ಪತ್ತೈದನೇ ವಯಸ್ಸಿನಲ್ಲಿ ಉಳಿಸುವ ಸಣ್ಣ ಮೊತ್ತಕ್ಕೆ ಯಾಕೆ ಅಷ್ಟು ಬೆಲೆ ಅನ್ನುವುದೂ ಅರ್ಥವಾಗುತ್ತದೆ. ಆಟದ ಹಲಗೆ ಬೇಕಿದ್ದರೆ, ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾ ಕೌಶಲ್ಯ ಅನ್ನುವ ಹೆಸರಿನಲ್ಲಿ ಹಳೆಯ ಆಟಗಳ ಪ್ರದರ್ಶನ ನಡೆಸುತ್ತಾ ಬಂದಿದ್ದಾರೆ, ಆ ಸಮಯದಲ್ಲಿ ಹೋಗಿ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಆಟಗಳನ್ನು ರಚಿಸಿದ ಊರು ಅದು, ಈ ವಿಷಯದಲ್ಲಿ ನಾವು ಹೊರಗಿನವರ ಬಾಯಿ ನೋಡಬೇಕಾಗಿಲ್ಲ.

ಹೊರಗಿನ ಆಟಗಳಲ್ಲಿ ನಿಮಗೆ ಎಲ್ಲರೂ ಹೇಳುವುದು ಕ್ಯಾಶ್‌ಫ್ಲೋ, 'ರಿಚ್ ಡ್ಯಾಡ್ ಪೂರ್ ಡ್ಯಾಡ್' ಪುಸ್ತಕದ ರಾಬರ್ಟ್ ಕಿಯೋಸಾಕಿ ಅವರದು. ಅದರಲ್ಲಿ ಚಿನ್ನದಂಥದ್ದು ಆಟವಲ್ಲ, ಆಟದ ಜೊತೆ ಕೊಡುವ ಹಾಳೆ. ನಿಮಗೆ ಬಂದ ಉದ್ಯೋಗದ ಸಂಬಳ, ಖರ್ಚು, ಆಸ್ತಿ, ಸಾಲ ನಾಲ್ಕನ್ನೂ ನೀವೇ ಪೆನ್ಸಿಲ್ಲಿನಲ್ಲಿ ಬರೆದು ಪ್ರತಿ ಸಲ ತಿದ್ದಬೇಕು. ಮಗು ಹುಟ್ಟಿದರೆ ಖರ್ಚಿನ ಸಾಲು ಏರುತ್ತದೆ. ಆಸ್ತಿಯಿಂದ ಬರುವ ಆದಾಯ ಖರ್ಚನ್ನು ದಾಟಿದ ದಿನ ನೀವು ಸಂಬಳದ ಸುತ್ತಿನಿಂದ ಹೊರಗೆ. ದೊಡ್ಡ ಸಂಬಳದ ಡಾಕ್ಟರ್ ಚೀಟಿ ಬಂದವರು ಖುಷಿಪಡುತ್ತಾರೆ, ಆದರೆ ಅವರ ಖರ್ಚೂ ಸಾಲವೂ ದೊಡ್ಡದು, ಹೊರಬರುವುದು ಕಷ್ಟ. ಕಸ ಗುಡಿಸುವ ಕೆಲಸದ ಚೀಟಿ ಬಂದವರು ಎಷ್ಟೋ ಸಲ ಮೊದಲು ದಾಟುತ್ತಾರೆ. ಆಟ ಕೊಳ್ಳದಿದ್ದರೂ ಪರವಾಗಿಲ್ಲ, ಆ ನಾಲ್ಕು ಮನೆಯ ಹಾಳೆಯನ್ನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ನಿಮ್ಮದೇ ಲೆಕ್ಕ ಬರೆಯಿರಿ. ಇಪ್ಪತ್ತನೇ ತಾರೀಖಿಗೆ ಸಂಬಳ ಎಲ್ಲಿ ಹೋಗುತ್ತಿದೆ ಅನ್ನುವುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.

ಆ ಆಟದ ಚೀಟಿಗಳನ್ನು ಮಾತ್ರ ನಂಬಬೇಡಿ. ಕಡಿಮೆ ಮುಂಗಡ ಕೊಟ್ಟು ಸಾಲದಲ್ಲಿ ಮನೆ ಕೊಂಡರೆ ತಿಂಗಳ ಕಂತು ಕಳೆದೂ ಬಾಡಿಗೆ ಮಿಗುತ್ತದೆ ಅಂತ ಅಲ್ಲಿ ಬರುತ್ತದೆ. ನಮ್ಮ ಲೆಕ್ಕ ಹಾಕಿ ನೋಡಿ. ಮೈಸೂರಿನಲ್ಲಿ 60 ಲಕ್ಷದ ಮನೆಗೆ ತಿಂಗಳಿಗೆ 15 ಸಾವಿರ ಬಾಡಿಗೆ ಅಂತಿಟ್ಟುಕೊಂಡರೆ ವರ್ಷಕ್ಕೆ 1.8 ಲಕ್ಷ, ಅಂದರೆ ನೂರಕ್ಕೆ ಮೂರು. ಸಾಲದ ಬಡ್ಡಿ ನೂರಕ್ಕೆ ಎಂಟು ಅಂದರೂ ಪ್ರತಿ ತಿಂಗಳು ಕೈಯಿಂದ ಹಾಕಬೇಕು. ವಾಸಕ್ಕೆ ಮನೆ ಕೊಳ್ಳುವುದು ಬೇರೆ ಮಾತು.

ಅಕ್ವೈರ್ ಅಂತ ಇನ್ನೊಂದಿದೆ, ಸಿಡ್ ಸ್ಯಾಕ್ಸನ್ ಅವರು 1960ರ ದಶಕದಲ್ಲಿ ಮಾಡಿದ್ದು. ಹೋಟೆಲ್ ಕಂಪನಿಗಳ ಷೇರು ಕೊಳ್ಳಬೇಕು, ದೊಡ್ಡ ಕಂಪನಿ ಚಿಕ್ಕದನ್ನು ನುಂಗಿದಾಗಲೇ ಕೈಗೆ ದುಡ್ಡು. ಷೇರಿನ ಪರಿಚಯಕ್ಕೆ ಒಳ್ಳೆಯದು, ಯಾರ ಹತ್ತಿರವಾದರೂ ಇದ್ದರೆ ಆಡಿ.

ನನ್ನ ನಿಜವಾದ ಸಲಹೆ ಬೇರೆ. ಮನೆಯಲ್ಲಿರುವ ಬಿಸಿನೆಸ್ ಡಬ್ಬಿಯನ್ನೇ ತೆಗೆದು ನಮ್ಮ ಕಡೆಯ ನಿಯಮ ಸೇರಿಸಿ ಆಡಿ. ನಾವು ಮೂರು ಸೇರಿಸಿದ್ದೇವೆ.

ಒಂದು, ಬ್ಯಾಂಕ್ ಸಾಲ ಕೊಡದಿದ್ದರೆ ಪಕ್ಕದವರ ಹತ್ತಿರ ಕೈಸಾಲ, ನೂರಕ್ಕೆ ಮೂರು ರೂಪಾಯಿ ಬಡ್ಡಿ, ಒಂದು ಸುತ್ತು ಒಂದು ತಿಂಗಳು. ಮೂರು ರೂಪಾಯಿ ಅಂದರೆ ಕೇಳಲು ಹಗುರ, ವರ್ಷಕ್ಕೆ ನೂರಕ್ಕೆ 36. ಬಡ್ಡಿ ಮಾತ್ರ ಕಟ್ಟುತ್ತಾ ಹೋದರೆ 34ನೇ ತಿಂಗಳಿಗೆ ಅಸಲಿಗಿಂತ ಹೆಚ್ಚು ಬಡ್ಡಿಯೇ ಕಟ್ಟಿರುತ್ತೀರಿ, ಅಸಲು ಹಾಗೇ ಕೂತಿರುತ್ತದೆ.

ಎರಡು, ಬೆಲೆ ಏರಿಕೆ. ಮೂರು ಸುತ್ತಿಗೊಮ್ಮೆ ಬಾಡಿಗೆ, ದಂಡ, ಜಾಗದ ಬೆಲೆ ಎಲ್ಲವನ್ನೂ ನೂರಕ್ಕೆ ಹತ್ತು ಏರಿಸುತ್ತೇವೆ, ಸಂಬಳ ಏರಿಸುವುದಿಲ್ಲ. ಡಬ್ಬಿಯೊಳಗಿನ ನಿಯಮದಲ್ಲಿ ಇದು ಇಲ್ಲವೇ ಇಲ್ಲ. ಕೈಕಾಸು ಬೇಕು ಅಂತ ಎಲ್ಲವನ್ನೂ ನೋಟಿನಲ್ಲೇ ಇಟ್ಟುಕೊಂಡವರು ಆಗ ಒದ್ದಾಡುತ್ತಾರೆ. 72ನ್ನು ಏರಿಕೆಯ ದರದಿಂದ ಭಾಗಿಸಿದರೆ ಬೆಲೆ ಸುಮಾರು ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ ಅಂತ ಗೊತ್ತಾಗುತ್ತದೆ, ನೂರಕ್ಕೆ ಆರಾದರೆ 12 ವರ್ಷ.

ಮೂರನೆಯದು ಚೀಟಿ, ಅಂದರೆ ಜನ ಸೇರಿ ಹಾಕುವ ಚಿಟ್ ಫಂಡ್, ಮಕ್ಕಳಿಗೆ ಬಹಳ ಇಷ್ಟ. ಹತ್ತು ಜನ, ತಲೆಗೆ 500ರ ಆಟದ ನೋಟು, 5,000ದ ಚೀಟಿ. ದುಡ್ಡಿನ ತುರ್ತು ಇರುವವನು ಸಾವಿರ ಬಿಟ್ಟು ಕೂಗುತ್ತಾನೆ, 4,000 ಎತ್ತಿಕೊಳ್ಳುತ್ತಾನೆ. ಬಿಟ್ಟ ಸಾವಿರ ಹತ್ತು ಜನಕ್ಕೆ ಹಂಚಿಕೆಯಾಗಿ ಆ ಸುತ್ತಿಗೆ ತಲೆಗೆ 400 ಕಟ್ಟಿದರೆ ಸಾಕು. ಮೊದಲು ಎತ್ತಿದವನು ಸಾಲಗಾರ, ಕೊನೆಯವರೆಗೆ ಕಾದವನು ಉಳಿತಾಯಗಾರ, ಒಂದೇ ಚೀಟಿಯಲ್ಲಿ ಇಬ್ಬರೂ ಇದ್ದಾರೆ. ಒಮ್ಮೆ ಎತ್ತಿದವರು ಆಟ ಬಿಟ್ಟು ಎದ್ದು ಹೋದರೆ ಏನಾಗುತ್ತದೆ ಅಂತಲೂ ಆಡಿಸಿ ನೋಡಿ. ನಿಜ ಜೀವನದಲ್ಲಿ ಚೀಟಿ ಹಾಕುವುದಾದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದ ಕಡೆ ಹಾಕಿ. ನಮ್ಮ ಸರ್ಕಾರದ್ದೇ ಎಂಎಸ್‌ಐಎಲ್ ಚೀಟಿ ನಡೆಸುತ್ತದೆ.

ಆಟ ಕಲಿಸಲಾಗದ ದೊಡ್ಡ ವಿಷಯ ಕಾಯುವುದು. ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆಯಾದ ಪಿಪಿಎಫ್ ಖಾತೆ 15 ವರ್ಷ, ಬೋರ್ಡಿನ ಮೇಲೆ ಅದು ಅರ್ಧ ಗಂಟೆ. ದಾಳ ಉರುಳಿಸಿ ಕ್ಷಣದಲ್ಲಿ ಫಲ ಕಂಡ ಕೈ, ಬೆಲೆ ಏರುತ್ತದೋ ಇಳಿಯುತ್ತದೋ ಅಂತ ಪಣ ಕಟ್ಟಿದ ಹಾಗಿರುವ ಆಪ್ಷನ್ ಟ್ರೇಡಿಂಗ್ ಮೊಬೈಲಿನಲ್ಲಿ ಕಂಡಾಗ ಸುಮ್ಮನಿರುವುದಿಲ್ಲ, ಇದು ನನಗೆ ನಿಜವಾದ ಆತಂಕ. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಇಂಥ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ಸಾಮಾನ್ಯ ಹೂಡಿಕೆದಾರರಲ್ಲಿ ನೂರಕ್ಕೆ 93 ಜನ ಕಳೆದುಕೊಂಡಿದ್ದಾರೆ, ತಲೆಗೆ ಸರಾಸರಿ ಸುಮಾರು 2 ಲಕ್ಷ. ಇದು ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿಯೇ ಕೊಟ್ಟ ಲೆಕ್ಕ. ಆಟದ ಚುರುಕುತನ ಆ ಕಡೆಗೆ ಹರಿಯದ ಹಾಗೆ ನೋಡಿಕೊಳ್ಳಿ.

ಭಾನುವಾರದ 2,500 ರೂಪಾಯಿ ಆಟಕ್ಕೆ ಬರೋಣ. ನಾಲ್ಕು ಜನ ಗೆಳೆಯರು ಸೇರಿ ಬಿಸಿನೆಸ್ ಡಬ್ಬಿ ಕೊಂಡರೆ ಖರ್ಚು ಅದರಲ್ಲಿ ಸಣ್ಣ ಪಾಲು, ಹಾಗಾಗಿ ನಾನಾಗಿದ್ದರೆ ಹೋಗುತ್ತಿರಲಿಲ್ಲ. ಹೊಸಬರ ಪರಿಚಯವಾಗಲಿ ಅಂತ ಹೋಗುವುದಾದರೆ ಹೋಗಿ, ತಪ್ಪಿಲ್ಲ. ಆದರೆ ಆಟ ಮುಗಿದ ಮೇಲೆ ಏನು ಮಾರುತ್ತಾರೆ ಅಂತ ಮೊದಲೇ ಫೋನ್ ಮಾಡಿ ಕೇಳಿ. ಮುಂದಿನ ಹಂತದ ಕೋರ್ಸ್, ಇವತ್ತೇ ಡಿಮ್ಯಾಟ್ ಖಾತೆ (ಷೇರು ಇಟ್ಟುಕೊಳ್ಳುವ ಖಾತೆ), ತಿಂಗಳಿಗೆ ಇಷ್ಟು ಖಚಿತ ಆದಾಯ ಅಂತ ಮಾತು ಬಂದರೆ ಎದ್ದು ಬನ್ನಿ. ಷೇರಿನ ಸಲಹೆ ಕೊಡುತ್ತೇನೆ ಅನ್ನುವವರ ಹತ್ತಿರ ಸೆಬಿ ನೋಂದಣಿ ಸಂಖ್ಯೆ ಕೇಳಿ, ಸೆಬಿ ವೆಬ್‌ಸೈಟಿನಲ್ಲಿ ಆ ಹೆಸರು ಇದೆಯಾ ನೋಡಿ. ಸಂಖ್ಯೆ ಹೇಳಲು ಹಿಂದೆ ಮುಂದೆ ನೋಡಿದರೆ ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.